ಅತ್ತೆಯ ಕಣ್ಣು, ಅಳಿಯನ ಉರುಳು

ಜಗತ್ತಿನಲ್ಲಿ ತಲೆಯ ಮೇಲೆ ನಿಂತು ಗರಗರ ತಿರುಗುವವರು ಬೇಕಾದಷ್ಟು ಮಂದಿ ಇದ್ದಾರು. ಆದರೆ ದಿವಾನದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಚುರುಮುರಿಯ ಬುಟ್ಟಿ ಇಟ್ಟುಕೊಂಡು, ಬರೀ ಎರಡು ಹೆಬ್ಬೆರಳಿನಿಂದ ಇನ್ನೊಬ್ಬನನ್ನು ತಲೆಯ ಮೇಲೆ ತಿರುಗಿಸುವವನು ತುಂಗಭದ್ರೆಯಿಂದ ವರದೆಯವರೆಗೆ ನಾನೊಬ್ಬನೇ ಇದ್ದೆ. ಇದ್ದೆ ಎಂದೆ, ಗಮನಿಸಿರಿ. ಆ ಹೆಬ್ಬೆರಳುಗಳು ಈಗ ಗೋಣಿಚೀಲದ ಬಾಯಿ ಬಿಡಿಸುತ್ತವೆ, ಬೆಳ್ಳುಳ್ಳಿ ಸುಲಿಯುತ್ತವೆ, ಆಗಾಗ ಒಂದರ ಮೇಲೊಂದು ಕೂತು ನಿಟ್ಟುಸಿರು ಬಿಡುತ್ತವೆ.

ನಾನು ಕೊಟ್ರೇಶ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನನ್ನದು ಗೋಣಿಚೀಲದ ಅಂಗಡಿ. ಬ್ಯಾಡಗಿ ಕಾಯಿಗೆ ದೇಶದೇಶಗಳಲ್ಲಿ ಇಷ್ಟು ಹೆಸರು ಬಂದಿದ್ದರೆ ಅದರಲ್ಲಿ ಅರ್ಧ ಕಾಯಿಯದು, ಇನ್ನರ್ಧ ನನ್ನ ಚೀಲದ್ದು. ಈ ಮಾತನ್ನು ನಾನು ಪೇಟೆಯಲ್ಲಿ ಯಾರಿಗೂ ಹೇಳಿಲ್ಲ ಎಂದುಕೊಳ್ಳಬೇಡಿ, ಎಲ್ಲರಿಗೂ ಹೇಳಿದ್ದೇನೆ.

ಬ್ರೇಕ್ ಡ್ಯಾನ್ಸ್ ನನ್ನ ಪ್ರಾಣ. ಹರೆಯದಲ್ಲಿ ರಾಣೆಬೆನ್ನೂರಿನ ಗಣಪತಿ ಪೆಂಡಾಲಿನಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಬೆನ್ನನ್ನು ನೆಲಕ್ಕೆ ಹಚ್ಚಿ, ಎರಡೂ ಕಾಲನ್ನು ಮುಗಿಲಿಗೆತ್ತಿ, ಬೀಸುಕಲ್ಲಿನ ಹಾಗೆ ತಿರುಗಿದ್ದನ್ನು ಕಂಡೆ. ಅಂದಿನಿಂದ ನನ್ನ ಮನಸ್ಸು ನೆಟ್ಟಗೆ ನಿಂತದ್ದೇ ಇಲ್ಲ. ಮನಸ್ಸು ತಿರುಗಿತು, ದೇಹ ತಿರುಗಲಿಲ್ಲ. ಅದು ಹುಟ್ಟಿನಿಂದಲೇ ಗೋಣಿಚೀಲದ ಪಕ್ಷ. ತುಂಬಿಟ್ಟ ಕಡೆ ಕೂರುವುದು, ಯಾರಾದರೂ ಎತ್ತಿದರೆ ಏಳುವುದು, ಅಷ್ಟೇ ಅದರ ಸ್ವಭಾವ.

ಹೀಗೆ ಎಷ್ಟೋ ಕಾಲ ಒಳಗೊಳಗೇ ತಿರುಗುತ್ತಿದ್ದ ನನ್ನ ಕಲೆಗೆ ದಾರಿ ತೋರಿಸಿದವಳು ಹಾವೇರಿಯ ಮುಸ್ಕಾನ್. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ನಡೆಸುವ ಚೂಟಿ ಹೆಣ್ಣುಮಗಳು. ಹಳೆಯ ವಿಡಿಯೋ ಗೇಮಿನ ಡಬ್ಬಿಗಳನ್ನೂ ಕೊಂಡು ಮಾರುತ್ತಾಳೆ. ನನ್ನ ಫೋನಿನ ಗಾಜು ಹಾಕಿಸಲು ಹೋದಾಗ ಅವಳ ಟಿ.ವಿ.ಯಲ್ಲಿ ಒಬ್ಬ ಹುಡುಗ ಬೀದಿಯ ನಡುವೆ ಒಂಟಿಗೈ ಮೇಲೆ ನಿಂತಿದ್ದ. ನನ್ನ ಕಾಲು ಅಲ್ಲೇ ನೆಟ್ಟುಹೋಯಿತು.

"ಅಂಕಲ್, ಇದು ಬ್ರೇಕ್ ಡ್ಯಾನ್ಸಿನ ಗೇಮ್ ರಿ," ಎಂದಳು ಮುಸ್ಕಾನ್. "ಮ್ಯೂಸಿಕ್ ಜೋಡಿ ಬಟನ್ ಒತ್ತಬೇಕು. ನೀವು ತಪ್ಪಿದ್ರ ಅಂವ ಬೀಳ್ತಾನ."

"ನಾ ತಪ್ಪಂಗಿಲ್ಲ ತಂಗಿ. ದಬ್ಬಣ ಹಿಡಿದು ಚೀಲ ಹೊಲದ ಬೆರಳಿವು!"

ಡಬ್ಬಿಯನ್ನು ಅಂದೇ ಕೊಂಡು ಮನೆಗೆ ತಂದೆ. ಮೊದಮೊದಲು ಆ ಹುಡುಗ ಬಿದ್ದ ಬೀಳಾಟಕ್ಕೆ, ಅವನು ರಕ್ತಮಾಂಸದವನಾಗಿದ್ದರೆ ನನ್ನ ಮೇಲೆ ಕೇಸು ಹಾಕುತ್ತಿದ್ದ. ಆದರೆ ಬರಬರುತ್ತ ನಮ್ಮಿಬ್ಬರಿಗೂ ಹೊಂದಿಕೆ ಬಿತ್ತು. ಅವನಿಗೆ ಬ್ಯಾಡಗಿ ಕಾಯಿಯ ಬಣ್ಣದ ಅಂಗಿ ಚೊಣ್ಣ ಆರಿಸಿ ತೊಡಿಸಿದೆ. ಹಳದಿ ಟೊಪ್ಪಿಗೆ ಇಟ್ಟೆ. ಬುಗರಿ ಎಂದು ಹೆಸರು ಕೊಟ್ಟೆ. ಸುಗ್ಗಿ ಮುಗಿದು ಪೇಟೆ ತಣ್ಣಗಾದ ಮೇಲೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಬುಗರಿಯನ್ನು ತಿರುಗಿಸುತ್ತ ಕೂತರೆ ಅಂಗಡಿಯ ನೆನಪು ಸಂಜೆಗೇ ಬರುತ್ತಿತ್ತು. ಜಪಾನಿನವರು, ಅಮೆರಿಕದವರು, ಯಾರ್ಯಾರೋ ಟಿ.ವಿ.ಯೊಳಗೆ ಎದುರು ನಿಂತರು. ಎಲ್ಲರನ್ನೂ ಬ್ಯಾಡಗಿಯ ದಿವಾನದ ಮೇಲಿಂದಲೇ ಮಣ್ಣು ಮುಕ್ಕಿಸಿದೆ. ಹೆಂಡತಿ ಶ್ರೀದೇವಿ ಮಾತ್ರ ಈ ದಿಗ್ವಿಜಯಕ್ಕೆ ಆರತಿ ಎತ್ತಲಿಲ್ಲ. "ಎರಡ ಕಿವೀ ರಿಮೋಟ್ ಹಿಡಕೊಂಡ ಮಕ್ಕೊಂಡ್ರ ದುನಿಯಾ ಮರೀತೀರಿ," ಎನ್ನುವುದು ಅವಳ ಏಕೈಕ ವಿಮರ್ಶೆ.

ಪ್ರೇಕ್ಷಕರು ಒಬ್ಬರೇ: ನನ್ನ ಅತ್ತೆ ಶಾರದವ್ವ. ಅವರನ್ನು ಪ್ರೇಕ್ಷಕರು ಎನ್ನುವುದೂ ತಪ್ಪೇ. ಎರಡೂ ಕಣ್ಣಿಗೆ ಪೊರೆ ಬಂದು, ತಮ್ಮೂರು ಐರಣಿಯ ಮನೆಯಲ್ಲಿ ಹೊಸ್ತಿಲು ಎಡವಿ ಬಿದ್ದ ಮೇಲೆ ಶ್ರೀದೇವಿ ಅವರನ್ನು ನಮ್ಮ ಮನೆಗೆ ಕರೆತಂದಿದ್ದಳು. ರಾಣೆಬೆನ್ನೂರಿನ ಕಣ್ಣಿನ ಡಾಕ್ಟರ್ ಮೃಣಾಲಿನಿ ಟಾರ್ಚು ಹಿಡಿದು ನೋಡಿ ಸ್ಪಷ್ಟವಾಗಿ ಹೇಳಿದ್ದರು: "ಅಜ್ಜಿ, ಪೊರೆ ಹಣ್ಣಾಗಿ ಹೋಗೇದ. ಇನ್ನ ತಡ ಮಾಡಿದ್ರ ಒಳಗ ಒತ್ತಡ ಏರಿ ಇದ್ದ ಬೆಳಕೂ ಹೋಗ್ತದ. ಆಮ್ಯಾಲ ನನ್ನ ಕೈಯಾಗೂ ಏನೂ ಇರಂಗಿಲ್ಲ."

ಅತ್ತೆ ಜಪ್ಪಯ್ಯ ಅನ್ನಲಿಲ್ಲ. "ನೋಡೂದೆಲ್ಲಾ ನೋಡೇನವ್ವಾ. ಹೊಳಿ ನೋಡೇನಿ, ಹೊಲ ನೋಡೇನಿ, ಗಂಡನ್ನ ನೋಡೇನಿ, ಇಂಥಾ ಅಳಿಯನ್ನೂ ನೋಡೇನಿ. ಇನ್ನೇನ್ ನೋಡೂದ ಉಳದೈತಿ? ಕಣ್ಣಿಗೆ ಕತ್ತರಿ ಹಚ್ಚಸ್ಕೊಳ್ಳಾಂಗಿಲ್ಲ."

ಶ್ರೀದೇವಿ ಅತ್ತಳು, ಕರೆದಳು, ಉಪವಾಸ ಕೂತಳು. ಫೋನಿನಲ್ಲಿ ಬಂಧುಬಳಗವೆಲ್ಲ ಬುದ್ಧಿ ಹೇಳಿತು. ಅತ್ತೆಯದು ಒಂದೇ ಪಟ್ಟು. ನಡುಮನೆಯ ಹೊರಸಿನ ಮೇಲೆ ಟಿ.ವಿ.ಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಮಂಜಿನಲ್ಲಿ ಒಂದು ಕೆಂಪು ಚುಕ್ಕೆ ಸುತ್ತಿದ ಹಾಗೆ, ಅಷ್ಟೇ. ಉಳಿದದ್ದನ್ನು ನನ್ನ ಬಾಯಿಂದ ಕೇಳಿ ತುಂಬಿಕೊಳ್ಳುತ್ತಿದ್ದರು.

"ಈಗ ಏನ್ ಮಾಡಾಕತ್ತಾನ?"

"ಕೈ ಮ್ಯಾಲ ನಿಂತಾನ್ರಿ ಅತ್ತಿ."

"ಎರಡೂ ಕೈ ಮ್ಯಾಲೇನು?"

"ಒಂದ ಕೈ. ಆಡಸಾಂವ ನಾ ಇದ್ದಾಗ ಎರಡ ಕೈ ಯಾಕ ಬೇಕ್ರಿ?"

"ಈಗ?"

"ತಲಿ ಮ್ಯಾಲ ತಿರಗಾಕತ್ತಾನ."

"ತಲಿ ಮ್ಯಾಲ! ಕೊಡ ಹೊರಾಕ ಇಟ್ಕೊಂಡಂಗ ಸಿಂಬಿ ಇಟ್ಕೊಂಡಾನೋ ಇಲ್ಲೋ?"

"ಟೊಪ್ಪಿಗಿ ಹಾಕ್ಯಾನ್ರಿ."

"ಉಂಡ ಕೂಡ್ಲೆ ತಿರಗಬ್ಯಾಡ ಅಂತ ಹೇಳು ಅವಗ. ಯಾರ ಮಗನೋ ಏನೋ."

ಮುದುಕಿಗೆ ಹೊತ್ತು ಹೋಗಲು ಒಂದು ನೆವ ಎಂದುಕೊಂಡು ಅರೆಮನಸ್ಸಿನಿಂದ ಉತ್ತರ ಕೊಡುತ್ತಿದ್ದೆ. ಅಷ್ಟು ದೊಡ್ಡ ಕಲಾವಿದನಿಗೆ ಎದುರಿಗಿರುವ ಏಕೈಕ ರಸಿಕರ ಗುರುತು ಸಿಗಲಿಲ್ಲ ನೋಡಿ!

ಆ ದಿನ ಶ್ರಾವಣ ಸೋಮವಾರ. ಹೆಂಡತಿಯ ಅಪ್ಪಣೆಯಂತೆ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಎಳೆದು, ಒದ್ದೆ ಧೋತರದಲ್ಲೇ ನಿಂತಿದ್ದೆ. ಮಡಿ ಧೋತರ ಹಿತ್ತಲಿನಲ್ಲಿ ಒಣಗುತ್ತಿತ್ತು. ಒಣಗುವಷ್ಟರಲ್ಲಿ ಒಂದು ಆಟ ಮುಗಿಸೋಣವೆಂದು ಡಬ್ಬಿ ಹಚ್ಚಿದೆ. ಅಂದು ಎದುರಿಗೆ ಬಂದವನು ಆ ಗೇಮಿನ ರಾವಣ. ಅದುವರೆಗೆ ನನಗೆ ಸೋಲದೆ ಉಳಿದವನು ಅವನೊಬ್ಬನೇ. ಬುಗರಿ ತಲೆಯ ಮೇಲೆ ತಿರುಗುತ್ತಲೇ ಇರಬೇಕು, ನಿಂತರೆ ಸೋಲು. ನನ್ನ ಬೆರಳು ಕುಣಿಯಿತು. ಬೆರಳಿನ ಹಿಂದೆ ಮೊಳಕೈ, ಮೊಳಕೈಯ ಹಿಂದೆ ಹೆಗಲು, ಹೆಗಲಿನ ಹಿಂದೆ ಹೊಟ್ಟೆ ಹೊರಟಿತು. ಹೊಟ್ಟೆ ಹೊರಟ ಮೇಲೆ ತಡೆಯುವವರು ಯಾರು? ದಿವಾನದಿಂದ ಧೊಪ್ಪನೆ ನೆಲಕ್ಕೆ ಬಿದ್ದೆ. ಬಿದ್ದರೂ ಆಟ ಬಿಡಲಿಲ್ಲ. ರಿಮೋಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಬುಗರಿ ತಿರುಗಿದ ಕಡೆಗೆ ನಾನೂ ಹೊರಳುತ್ತ, ಗೋಡೆಗೆ ಬಡಿದು ಮತ್ತೆ ವಾಪಸು ಉರುಳುತ್ತ ಕೂಗಿದೆ:

"ನಮ್ಮಪ್ಪಾ, ಕೈ ಬಿಡಬ್ಯಾಡೋ! ನಿನ್ನ ನಂಬೇನಿ! ನನ್ನ ಮರ್ಯಾದಿ ಉಳಸೋ!"

ಹೊರಸಿನ ಮೇಲಿಂದ ಅತ್ತೆ, "ಬಿಡಬ್ಯಾಡ! ಬಿಡಬ್ಯಾಡ!" ಎಂದು ಹುರಿದುಂಬಿಸಿದರು.

ಇದೇ ಹೊತ್ತಿಗೆ ಪಕ್ಕದ ಮನೆಯ ಮಂಗಳವ್ವ ಹೆಪ್ಪಿಗೆಂದು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಟಿ.ವಿ. ಇರುವುದು ಬಾಗಿಲಿನ ಪಕ್ಕದ ಗೋಡೆಗೆ; ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ. ಅವಳಿಗೆ ಕಂಡದ್ದು ಇಷ್ಟು: ಒದ್ದೆ ಧೋತರ, ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಜೋಡಿಸಿದ ಕೈ, ಶ್ರಾವಣ ಸೋಮವಾರದ ದಿನ ನೆಲದ ಮೇಲೆ ಉರುಳುತ್ತಿರುವ ಒಬ್ಬ ಗೃಹಸ್ಥ, ಎದುರಿಗೆ ಕಣ್ಣಿಲ್ಲದ ಅತ್ತೆ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ಇದಕ್ಕೆ ಇನ್ಯಾವ ಅರ್ಥ ಹಚ್ಚಬೇಕು ಹೇಳಿ? ಹೆಪ್ಪನ್ನು ಮರೆತು, ಕೆನ್ನೆ ಕೆನ್ನೆ ಬಡಿದುಕೊಂಡು ಹಿತ್ತಲಿಗೆ ಓಡಿದಳು.

"ಶ್ರೀದೇವೀ, ಯವ್ವಾ! ನಿನ್ನ ಗಂಡ ಕದರಮಂಡಲಗಿ ಕಾಂತೇಶ ಹನಮಪ್ಪಗ ಉರುಳು ಸೇವಾ ಬೇಡಿಕೊಂಡಾನಲ್ಲ! ಅತ್ತಿ ಕಣ್ಣಿನ ಸಲುವಾಗಿ! ಒಳಗ ರೂಢಿ ಮಾಡಾಕತ್ತಾನ! ನಾ ಕಣ್ಣಾರೆ ನೋಡೇನಿ, ಎಲ್ಲೆಲ್ಲಿಂದೋ ನಗಾರಿ ಬಾರಸಿದಂಗ ಆತು, ಮೈ ಜುಂ ಅಂತು!"

ನಗಾರಿ ಬಾರಿಸಿದ್ದು ನನ್ನ ಟಿ.ವಿ. ಆದರೆ ಅದನ್ನು ಅವಳಿಗೆ ಹೇಳುವವರು ಯಾರು? ಶ್ರೀದೇವಿ ಒಳಗೆ ಬರುವಷ್ಟರಲ್ಲಿ ರಾವಣ ಗೆದ್ದಿದ್ದ. ಸೋತ ಸಿಟ್ಟಿಗೆ ನಾನು ಟಿ.ವಿ. ಆರಿಸಿ, ಸುಸ್ತಾಗಿ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದೆ. ಕಣ್ಣು ತೆರೆದರೆ ಹೆಂಡತಿ ನನ್ನ ಕಾಲ ಬಳಿ ಕೂತು ಅಳುತ್ತಿದ್ದಾಳೆ. ಮದುವೆಯಾದಂದಿನಿಂದ ಆಕೆ ನನ್ನ ಎದುರು ಅತ್ತದ್ದುಂಟು. ನನ್ನನ್ನು ಮೆಚ್ಚಿ ಅತ್ತದ್ದು ಅದೇ ಮೊದಲು.

"ನಾ ನಿಮ್ಮನ್ನ ಏನೇನೋ ಅಂದೆ. ನೀವು ನಮ್ಮವ್ವನ ಸಲುವಾಗಿ... ಯಾರ ಮುಂದೂ ಹೇಳಲಾರದ..."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಆದರೆ ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಲ್ಲ. "ಹರಕಿ ಅಂದ್ರ ಊರ ತುಂಬ ಹೇಳ್ಕೊಂಡ ತಿರಗೂದಲ್ಲ ಬಿಡು," ಎಂದಿತು. ಅಷ್ಟಕ್ಕೆ ಸುಮ್ಮನಿರಲಿಲ್ಲ, "ಒಂದ ಸುತ್ತ ಅಲ್ಲ, ಮೂರ ಸುತ್ತ," ಎಂದೂ ಸೇರಿಸಿತು.

ಸಂಜೆ ಅಂಗಡಿಗೆ ಹೋದರೆ ಸುದ್ದಿ ನನಗಿಂತ ಮೊದಲೇ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಕೂತಿತ್ತು. ಹಮಾಲರು ಚೀಲ ಇಳಿಸಿ ನಮಸ್ಕಾರ ಮಾಡಿದರು. ಪೇಟೆಯ ಹೆಂಗಸರೆಲ್ಲ ತಂತಮ್ಮ ಗಂಡಂದಿರಿಗೆ, "ಅವ್ರನ್ನ ನೋಡಿ ಕಲೀರಿ," ಎಂದರಂತೆ. ಗಂಡಂದಿರೆಲ್ಲ ನನ್ನನ್ನು ದಾರಿಯಲ್ಲಿ ಹಲ್ಲು ಕಡಿದು ನೋಡಿದರು. ನಮ್ಮ ಪುರಸಭೆ ಮೆಂಬರ್ ರುದ್ರಮುನಿ ಮೋಟರ್‌ಸೈಕಲ್ ನಿಲ್ಲಿಸಿ ತಬ್ಬಿಕೊಂಡ.

"ಕೊಟ್ರೇಶಣ್ಣಾ, ನಮ್ಮ ವಾರ್ಡಿಗೆ ಇಷ್ಟ ವರ್ಷಕ್ಕ ಒಂದ ಹೆಸರ ತಂದ್ರಿ!"

"ಗಟಾರ ಸ್ವಚ್ಛ ಮಾಡಸೂದ ಯಾವಾಗ್ರಿ ಮೆಂಬರ?" ಎಂದೆ, ಮೊದಲಿನ ರೂಢಿಯಂತೆ.

"ಮೊದಲ ಭಕ್ತಿ, ಆಮ್ಯಾಲ ಗಟಾರ!"

ಬೆಳಗಾಗುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಎದ್ದಿತ್ತು. 'ಅತ್ತೆಯ ಕಣ್ಣಿಗಾಗಿ ಬರುವ ಶನಿವಾರ ಉರುಳಲಿರುವ ಅಳಿಯ ಶ್ರೀ ಕೊಟ್ರೇಶಪ್ಪನವರಿಗೆ ಹಾರ್ದಿಕ ಶುಭಾಶಯಗಳು.' ಅದರಲ್ಲಿ ರುದ್ರಮುನಿಯ ಫೋಟೋ ಚೀಲದಷ್ಟು ದೊಡ್ಡದು, ನನ್ನದು ಮೆಣಸಿನಕಾಯಿಯಷ್ಟು. ಆದರೂ ಆ ದಾರಿಯಲ್ಲಿ ನಾಲ್ಕಾರು ಸಲ ಕೆಲಸವಿಲ್ಲದೆ ಹಾದುಹೋದೆ.

ಇಷ್ಟಾದ ಮೇಲೆ ಕುಪ್ಪೇಲೂರಿನಿಂದ ಅತ್ತೆಯ ತಮ್ಮ ವಿರೂಪಾಕ್ಷಪ್ಪ ಬಸ್ಸು ಹತ್ತಿ ಬಂದರು. ನಮ್ಮ ಮನೆಯವರಿಗೆಲ್ಲ ಅವರೇ ಹೈಕೋರ್ಟು. ನನ್ನ ಮದುವೆಯಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೀಲ ಮಾರಾಂವೋ, ಚೀಲನೋ?" ಎಂದು ಕೇಳಿದ ಮಹಾನುಭಾವರು. ಅಂಥವರು ಬಾಳೆಗೊನೆ ಇಳಿಸಿ ನನ್ನ ಭುಜದ ಮೇಲೆ ಕೈಯಿಟ್ಟರು.

"ಕೊಟ್ರೇಶಪ್ಪಾ, ನಾ ನಿನ್ನ ಬರೀ ಚೀಲ ಅಂತ ತಿಳಕೊಂಡಿದ್ದೆ. ಇಲ್ಲಪಾ, ಒಳಗ ಕಾಳ ಐತಿ."

ನನ್ನ ಎದೆ ಉಬ್ಬಿದ ಉಬ್ಬಿಗೆ ಅಂಗಿಯ ಗುಂಡಿ ಹಾರಿ ಮಂಗಳವ್ವನ ಚಹಾದ ಕಪ್ಪಿನಲ್ಲಿ ಬಿತ್ತು. ನೀವು ನಂಬದಿದ್ದರೆ ಕಪ್ಪು ಇನ್ನೂ ಇದೆ.

ವಿರೂಪಾಕ್ಷಪ್ಪ ಅಕ್ಕನ ಕಡೆ ತಿರುಗಿದರು. "ಅಕ್ಕಾ, ಹೊಟ್ಟೀಲೆ ಹುಟ್ಟಿದ ಮಗ ಮಾಡಂಗಿಲ್ಲ, ಅಳಿಯ ಉರಳಾಕ ನಿಂತಾನ. ಈಗರೆ ಆಪರೇಷನ್ನಿಗೆ ಹೂಂ ಅನ್ನು."

ಅತ್ತೆಗೆ ಏನಾದರೂ ಗೊತ್ತಾಗಿರಬಹುದೇ ಎಂದು ಒಮ್ಮೆ ಅಳುಕಿದೆ. ಅವರು ನನ್ನ ಉಸಿರಾಟದ ಕಡೆ ಮುಖ ತಿರುಗಿಸಿದರು. ತುಟಿಯ ಮೂಲೆಯಲ್ಲಿ ಏನೋ ಮಿಸುಕಿತು.

"ಆಪರೇಷನ್ ಆದ ಮ್ಯಾಲ ಟಿ.ವಿ. ನೋಡಬಹುದೇನು?" ಎಂದು ಕೇಳಿದರು.

"ಯಾಕ ನೋಡಬಾರದವ್ವಾ, ಚಂದಂಗ ಕಾಣ್ತೈತಿ," ಎಂದಳು ಶ್ರೀದೇವಿ.

"ಹಂಗಾರ ಮಾಡಸ್ರಿ."

"ಪಾಪ, ಧಾರಾವಾಹಿ ನೋಡಿ ಭಾಳ ದಿವಸಾತು," ಎಂದು ಮಂಗಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟೇ, ನನ್ನ ಬಾಯಿಗೆ ಬೀಗ ಬಿತ್ತು. ಈಗ ನಿಜ ಹೇಳಿದರೆ ಅತ್ತೆ 'ಒಲ್ಲೆ' ಅಂದಾರು. ಅಂದರೆ ಅವರ ಕಣ್ಣು ಹೋದೀತು. ಉರುಳುವುದೊಂದೇ ದಾರಿ. ಉರುಳೋಣ, ಅದರಲ್ಲೇನು? ಬ್ರೇಕ್ ಡ್ಯಾನ್ಸಿನ ಅಂತರಂಗ ಬಲ್ಲವನಿಗೆ ಗುಡಿಯ ಸುತ್ತ ಮೂರು ಸುತ್ತು ಯಾವ ಲೆಕ್ಕ!

ಶನಿವಾರ ಕದರಮಂಡಲಗಿಗೆ ನಮ್ಮ ಓಣಿಯೇ ಬಂತು. ರುದ್ರಮುನಿ ಟೆಂಪೋ ಮಾಡಿಸಿದ್ದ. ಅತ್ತೆಯನ್ನು ಕಂಬಕ್ಕೊರಗಿಸಿ ಕೂರಿಸಿದರು. ನನ್ನ ತಲೆಯ ಮೇಲೆ ಕೊಡ ಕೊಡ ನೀರು ಸುರಿದರು. ಕಾಂತೇಶನಿಗೆ ಕೈಮುಗಿದು ಅಡ್ಡಬಿದ್ದೆ, ಹೊರಳಿದೆ.

ಮೊದಲ ಸುತ್ತನ್ನು ನೋಡಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ಬುಗರಿಯ ವೇಗ, ಬುಗರಿಯ ಲಯ! ನೀರು ಸುರಿಯುತ್ತ ಬರುತ್ತಿದ್ದ ಹೆಂಗಸರು ಓಡಬೇಕಾಯಿತು. "ಲಗೂ ಬ್ಯಾಡ್ರೀ, ಸಾವಕಾಶ," ಎಂದು ಶ್ರೀದೇವಿ ಕೂಗಿದಳು. ಎರಡನೆಯ ಸುತ್ತಿನ ಮೂಲೆಯಲ್ಲಿ ಒಂದು ಸತ್ಯ ತಿಳಿಯಿತು: ಗೇಮಿನಲ್ಲಿ ಮೂಲೆ ಇರುವುದಿಲ್ಲ. ಬುಗರಿ ನಿಂತಲ್ಲೇ ತಿರುಗುತ್ತಾನೆ. ನಾನು ತಿರುಗುತ್ತಲೂ ಇರಬೇಕು, ಮುಂದಕ್ಕೂ ಹೋಗಬೇಕು, ಮೂಲೆಯನ್ನೂ ದಾಟಬೇಕು. ಗುಡಿ ಗಿರ್ರೆಂದಿತು. ಕಾಲು ಇದ್ದಲ್ಲಿ ತಲೆ ಬಂತು, ತಲೆ ಇದ್ದಲ್ಲಿ ಕಾಲು. ಸೋಲಬಾರದೆಂದು ಕಣ್ಣು ಮುಚ್ಚಿ, ಹೊಟ್ಟೆ ಎಳೆದುಕೊಂಡು ಭರ್ರನೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಉರುಳಿಕೊಂಡು ಬರುತ್ತಿದ್ದ ಇನ್ನೊಬ್ಬ ಭಕ್ತನ ಹೊಟ್ಟೆಗೆ ನನ್ನ ಹೊಟ್ಟೆ ಢೀ ಹೊಡೆಯಿತು.

ಇಬ್ಬರೂ ಮಲಗಿದಲ್ಲೇ ಜಗಳಕ್ಕೆ ನಿಂತೆವು.

"ಎದರಿಗೆ ಬರಾಕತ್ತೀರಲ್ರೀ! ಕಣ್ಣ ಕಾಣಂಗಿಲ್ಲೇನು?" ಎಂದ ಆತ.

"ಕಣ್ಣ ಮುಚ್ಚೇನ್ರಿ, ಭಕ್ತಿ! ನೀವ ಎದರಿಗೆ ಬಂದೀರಿ!"

"ಇದು ಒನ್‌ವೇ ಐತ್ರೀ ಯಜಮಾನ್ರ!"

ಮಂಗಳವ್ವ ಬಾಯಿ ಬಡಿದುಕೊಂಡಳು. "ಅಯ್ಯ ನನ್ನ ಶಿವನ! ಅಪ್ರದಕ್ಷಿಣಿ ಉರುಳ್ಯಾನಲ್ರೇ! ಎಡಕ್ಕ ಹೊಂಟಾನಲ್ರೇ!"

ಗದ್ದಲವಾಯಿತು. ನನ್ನನ್ನು ಎತ್ತಿ ಕೂರಿಸಿದರು. ವಿರೂಪಾಕ್ಷಪ್ಪನವರ ಮುಖ ಮತ್ತೆ ಹೈಕೋರ್ಟಾಯಿತು. ಅರ್ಚಕರನ್ನು ಕರೆಸಿದರು. ಅವರಿಗೆ ಶನಿವಾರದ ಗಡಿಬಿಡಿ. "ದೇವರು ಭಾವ ನೋಡ್ತಾನ. ಉಳದ ಸುತ್ತ ಮುಗಸ್ರಿ, ನಡೀರಿ," ಎಂದರು.

"ಹಂಗ ಹೆಂಗ ನಡೀರಿ ಸ್ವಾಮಿ? ಪ್ರಶ್ನೆ ಕಣ್ಣಿಂದು. ಹರಕಿ ಕೆಟ್ಟ ಮ್ಯಾಲ ಆಪರೇಷನ್ ಕೆಟ್ರ?" ಎಂದು ಪಟ್ಟು ಹಿಡಿದರು ವಿರೂಪಾಕ್ಷಪ್ಪ.

ಈ ಮಾತು ಕೇಳಿ ಶ್ರೀದೇವಿಯ ಮುಖ ಬಿಳಚಿಕೊಂಡಿತು. ಅರ್ಚಕರು ಹಿಂದೆ ನಿಂತ ಪಾಳಿಯನ್ನು ನೋಡಿದರು, ವಿರೂಪಾಕ್ಷಪ್ಪನವರ ಮೀಸೆ ನೋಡಿದರು. "ನಿಮ್ಮ ಮನಸ್ಸಿಗೆ ಸಮಾಧಾನ ಇಲ್ಲಂದ್ರ ಏನರೆ ಪ್ರೀತಿದ್ದು ಒಂದ ಬಿಡ್ತೀನಿ ಅಂತ ಕಾಯಿ ಒಡಸ್ರಿ. ಮುಗೀತು," ಎಂದು ಒಳಗೆ ನಡೆದರು.

ನಾನು ಪ್ರೀತಿಸುವುದು ಏನು? ನನ್ನನ್ನು ಬಿಟ್ಟು ಎಲ್ಲರೂ ಚರ್ಚಿಸಿದರು.

"ಮಿರ್ಚಿ ಭಜಿ ಬಿಡ್ಲಿ," ಎಂದ ರುದ್ರಮುನಿ.

"ಮಿರ್ಚಿ ಡಾಕ್ಟರ ಬಿಡಿಸ್ಯಾರ. ಕದ್ದ ತಿಂತಾನ. ಅದು ಬರಂಗಿಲ್ಲ," ಎಂದಳು ಮಂಗಳವ್ವ.

"ಚಹಾ?"

"ಚಹಾ ಬಿಟ್ರ ಮನ್ಯಾಗ ನಾವು ಬದುಕಂಗಿಲ್ರಿ," ಎಂದಳು ಶ್ರೀದೇವಿ. ಆಮೇಲೆ ಮೆಲ್ಲಗೆ, ಕೆಟ್ಟದ್ದೇನೂ ಮನಸ್ಸಿನಲ್ಲಿಲ್ಲದೆ ಅಂದಳು: "ಖರೇ ಹೇಳಬೇಕಂದ್ರ ಅವರ ಜೀವ ಇರೂದು ಆ ಟಿ.ವಿ. ಆಟದಾಗ."

ಕಂಬದ ಕಡೆಯಿಂದ ಅತ್ತೆ ದನಿ ಎತ್ತಿದರು. "ಅದನ್ಯಾಕ ಬಿಡಸ್ತೀರೇ? ಅದ ಬ್ಯಾಡ. ಬ್ಯಾರೆ ಏನರೆ ಬಿಡ್ಲಿ. ಎಲಿ ಅಡಕಿ ಬಿಡ್ಲಿ."

"ಅಕ್ಕಾ, ನಿನಗ ತಿಳ್ಯಾಂಗಿಲ್ಲ, ಸುಮ್ಮ ಕುಂದ್ರು," ಎಂದರು ವಿರೂಪಾಕ್ಷಪ್ಪ. ನನ್ನ ಕಡೆ ತಿರುಗಿ, "ಏನಂತೀಪಾ? ಬಿಡ್ತೀಯೋ, ಚೀಲನ ಆಗ್ತೀಯೋ?"

ಓಣಿಯೆಲ್ಲ ನನ್ನನ್ನೇ ನೋಡುತ್ತಿತ್ತು. ಢೀ ಹೊಡೆದ ಭಕ್ತನೂ ಹೊಟ್ಟೆ ತಿಕ್ಕಿಕೊಳ್ಳುತ್ತ ಕಾದು ನಿಂತಿದ್ದ. ಅಷ್ಟು ಜನ ನೋಡುವಾಗ ಸಣ್ಣ ಮಾತು ಆಡಿ ನನಗೆ ರೂಢಿಯಿಲ್ಲ. ಎದ್ದು ನಿಂತು, ಒದ್ದೆ ಧೋತರ ಬಿಗಿದು, ಗುಡಿಯ ಗಂಟೆ ಅದುರುವಂತೆ ಕೂಗಿದೆ:

"ಬಿಟ್ಟೆ! ಬರೇ ಬಿಟ್ಟೆ ಅಲ್ಲ, ಅದರ ನೆರಳೂ ನನ್ನ ಮನ್ಯಾಗ ಇರಂಗಿಲ್ಲ!"

ಕಾಯಿ ಒಡೆಯಿತು. ಜನ ಹೋ ಎಂದರು. ಕಂಬದ ಬಳಿ ಅತ್ತೆ ಹಣೆ ಚಚ್ಚಿಕೊಂಡದ್ದನ್ನು ನಾನು ಭಕ್ತಿ ಎಂದುಕೊಂಡೆ. ಉಳಿದ ಸುತ್ತನ್ನು ವಿರೂಪಾಕ್ಷಪ್ಪನವರೇ ನನ್ನ ಭುಜ ಹಿಡಿದು, ಬ್ಯಾರೆಲ್ ಉರುಳಿಸಿದಂತೆ ಸರಿದಿಕ್ಕಿಗೆ ಉರುಳಿಸಿ ಮುಗಿಸಿದರು.

ಮರುದಿನವೇ ಡಬ್ಬಿಯನ್ನು ಗೋಣಿಚೀಲದಲ್ಲಿ ಹಾಕಿ ಹಾವೇರಿಗೆ ಒಯ್ದೆ. ಸಾಕ್ಷಿಗೆಂದು ವಿರೂಪಾಕ್ಷಪ್ಪ ಜೊತೆಗೆ ಬಂದರು. ಮುಸ್ಕಾನ್ ಡಬ್ಬಿಯನ್ನು ಅಂಗಡಿಯ ಟಿ.ವಿ.ಗೆ ಹಚ್ಚಿದಳು. ಬುಗರಿ ಬಂದು, ಟೊಪ್ಪಿಗೆಗೆ ಕೈ ಹಚ್ಚಿ, ಎಂದಿನಂತೆ ನನ್ನ ಬೆರಳಿಗಾಗಿ ಕಾಯುತ್ತ ನಿಂತ.

"ಅಂಕಲ್, ದಾವಣಗೆರೆ ಗಿರಾಕಿ ಒಬ್ರು ಕೇಳ್ಯಾರ್ರಿ. ಅವ್ರಿಗೆ ಕೊಡಬೇಕಂದ್ರ ನಿಮ್ಮ ಪ್ಲೇಯರ್‌ನ ಡಿಲೀಟ್ ಮಾಡಬೇಕು. ಒಮ್ಮೆ ತಗದ್ರ ಅಂವ ವಾಪಸ್ ಬರಂಗಿಲ್ಲ. ನೋಡ್ರಿ ಮತ್ತ."

ಪಕ್ಕದಲ್ಲಿ ವಿರೂಪಾಕ್ಷಪ್ಪ ಕೆಮ್ಮಿದರು. "ತಗಿ ತಂಗಿ," ಎಂದೆ. "ಕೊಟ್ರೇಶ ಒಮ್ಮೆ ಆಡಿದ ಮಾತಂದ್ರ ಮುಗೀತು."

ಅವಳು ಒತ್ತಿದಳು. ತಪ್ಪಿದಾಗಲೆಲ್ಲ ಅಷ್ಟು ಸದ್ದು ಮಾಡಿ ಬೀಳುತ್ತಿದ್ದವನು ಅಂದು ಬೀಳಲಿಲ್ಲ, ಸದ್ದೂ ಮಾಡಲಿಲ್ಲ. ನಿಂತಲ್ಲೇ ಇಲ್ಲವಾದ. ಬಸ್ಸಿನಲ್ಲಿ ವಿರೂಪಾಕ್ಷಪ್ಪ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಅದೊಂದೇ ನನಗೆ ಸಿಕ್ಕ ಬಿರುದು.

ಆಪರೇಷನ್ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಆಯಿತು. "ಅಜ್ಜಿ ಭಾಳ ಧೈರ್ಯದಾಕಿ," ಎಂದರು ಡಾಕ್ಟರ್ ಮೃಣಾಲಿನಿ. "ಒಳಗ ಬರೋ ಮುಂದ ಒಂದ ಮಾತ ಕೇಳಿದ್ರು: ಟಿ.ವಿ. ಯಾವಾಗಿಂದ ನೋಡಬಹುದು ಅಂತ!" ಕಣ್ಣಿಗೆ ಮೆಣಸಿನಕಾಯಿ ಘಾಟು ತಾಗಬಾರದೆಂದು ತಾಕೀತು ಮಾಡಿ ಕರಿ ಕನ್ನಡಕ ಹಾಕಿ ಕಳಿಸಿದರು. ಬ್ಯಾಡಗಿಗೆ!

ಅತ್ತೆಗೆ ಕಾಣಿಸಿಕೊಳ್ಳಲು ಮಂದಿ ಪಾಳಿ ಹಚ್ಚಿದರು. ಅವರು ಒಬ್ಬೊಬ್ಬರನ್ನೇ ಹತ್ತಿರ ಕರೆದು ನೋಡಿದರು. ಮಗಳ ಕೆನ್ನೆ ಸವರಿ, "ಎಷ್ಟ ಸೊರಗೀಯವ್ವಾ," ಎಂದರು. ಮಂಗಳವ್ವನಿಗೆ, "ಕೂದಲಕ್ಕ ಬಣ್ಣ ಹಚ್ಚೀಯೇನ? ಧ್ವನಿ ಕೇಳಿ ಹಣ್ಣ ಮುದುಕಿ ಅಂದ್ಕೊಂಡಿದ್ದೆ." ತಮ್ಮನಿಗೆ, "ಅಪ್ಪನ ಮಾರಿ ಬಂದೈತಲ್ಲೋ ನಿನಗ." ಹೈಕೋರ್ಟು ಮೂಲೆಗೆ ಹೋಗಿ ಮೂಗೊರೆಸಿಕೊಂಡಿತು.

ಎಲ್ಲರೂ ಹೋದರು. ಶ್ರೀದೇವಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅತ್ತೆ ಹೊರಸಿನ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು, ಟಿ.ವಿ.ಯ ಕಡೆ ನೆಟ್ಟಗೆ ಮುಖ ಮಾಡಿದರು.

"ಹಚ್ಚಪಾ."

"ಏನ್ ಹಚ್ಚಲ್ರಿ ಅತ್ತಿ? ಧಾರಾವಾಹೀನ?"

"ಧಾರಾವಾಹಿ ಹಾಳ ಬಾವಿಗೆ ಬೀಳ್ಲಿ. ಆ ಹುಡಗನ್ನ ಹಚ್ಚು. ತಲಿ ಮ್ಯಾಲ ತಿರಗತಾನಲ್ಲ, ಅಂವನ್ನ."

"ಅತ್ತಿ, ಅಂದ್ರ... ಅವತ್ತ ನಾ ಉರಳಿದ್ದು ಹರಕಿ ಅಲ್ಲಂತ ನಿಮಗ..."

"ಕಣ್ಣ ಹೋಗಿತ್ತೋ, ಕಿವಿ ಹೋಗಿತ್ತೇನು? ನಿನ್ನ ಕೈಯಾಗ ಟಕಟಕ, ಟಿ.ವಿ.ಯಾಗ ಧಡಧಡ. ಕಾಂತೇಶಗ ಅಂಥಾ ಭಜನಿ ಯಾರ ಮಾಡ್ತಾರೋ?"

"ಮತ್ತ ಯಾಕ ಹೇಳಲಿಲ್ರಿ?"

"ಪ್ಯಾಟ್ಯಾಗ ಅಂಗಡಿ ಇಟ್ಟ ಗಂಡಸು ನೆಲಕ್ಕ ಬಿದ್ದ ಆಟ ಆಡ್ತಿದ್ದ ಅಂದ್ರ ನಿನ್ನ ಮರ್ಯಾದಿ ಏನ ಉಳೀತಿತ್ತು? ಮಗಳ ಮುಖ ಹೆಂಗ ನೋಡ್ಲಿ?" ಅತ್ತೆ ನಕ್ಕರು. "ಮತ್ತ ನನಗೂ ಒಂದ ಆಸೆ ಇತ್ತಪಾ. ನೋಡೂದೆಲ್ಲಾ ನೋಡೇನಿ ಅಂತಿದ್ದೆ. ತಲಿ ಮ್ಯಾಲ ತಿರಗೋ ಮನಶಾನ್ನ ಎಲ್ಲಿ ನೋಡೇನಿ? ದಿನಾ ನೀ ಹೇಳಾಂವ, ನಾ ಕೇಳಾಕಿ. ಒಮ್ಮೆರೆ ಅವನ ಮುಖ ನೋಡಬೇಕಂತನ ಕಣ್ಣ ಕೊಟ್ಟೆ. ಹಚ್ಚು, ಹಚ್ಚು."

"ಅಂವ ಇಲ್ರಿ ಅತ್ತಿ."

"ಇಲ್ಲಂದ್ರ?"

"ಅಳಿಸಿಬಿಟ್ಟೇನ್ರಿ. ಹಾವೇರ್ಯಾಗ. ಇನ್ನ ಬರಂಗಿಲ್ಲ."

ಅತ್ತೆ ಮತ್ತೆ ಟಿ.ವಿ.ಯ ಕಡೆಗೇ ತಿರುಗಿದರು. ಟಿ.ವಿ.ಯ ಕಪ್ಪು ಗಾಜಿನಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು.

"ಗುಡ್ಯಾಗ ಬ್ಯಾಡ ಅಂದೆ. ಯಾರ ಕೇಳಿದ್ರಿ," ಎಂದರು. ಬಳಿಕ, "ಹೋಗ್ಲಿ ಬಿಡು. ಬಾಯೀಲೆ ಹೇಳು. ಮೂಗ ಹೆಂಗಿತ್ತು ಅವಂದು? ನಕ್ಕೋತ ತಿರಗತಿದ್ನೋ, ಹಲ್ಲ ಕಡಕೊಂಡೋ?"

ಬಾಯಿ ತೆರೆದೆ. ಯಾವ ಪ್ರಶ್ನೆಗೂ ಹಿಂದೆಗೆಯದ ಬಾಯಿ ಅದು. ಟೊಪ್ಪಿಗೆ ನೆನಪಿತ್ತು, ಅಂಗಿಯ ಬಣ್ಣ ನೆನಪಿತ್ತು, ಒಂದೊಂದು ತಿರುವೂ ಹೆಬ್ಬೆರಳಿನಲ್ಲಿ ನೆನಪಿತ್ತು. ಮುಖ ನೆನಪಿರಲಿಲ್ಲ. ಎರಡು ಒಳ್ಳೆಯ ಕಣ್ಣಿಟ್ಟುಕೊಂಡು ಅಷ್ಟು ದಿನ ಎದುರಿಗೆ ಕೂತಿದ್ದೆ. ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಏನು ಮಾಡಲಿ? ಒಳಗಿನಿಂದ ಶ್ರೀದೇವಿಯ ಕೆಂಪು ಶಾಲು ತಂದು ಮೈಗೆ ಸುತ್ತಿಕೊಂಡೆ. ಟವೆಲ್ ಸುತ್ತಿ ತಲೆಗೆ ಸಿಂಬಿ ಮಾಡಿ ಇಟ್ಟೆ. "ನೋಡ್ರಿ ಅತ್ತಿ, ಹಿಂಗ ತಿರಗತಿದ್ದ," ಎಂದು ನೆಲಕ್ಕೆ ಬೆನ್ನು ಹಚ್ಚಿ, ಎರಡೂ ಕಾಲನ್ನು ಮುಗಿಲಿಗೆ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ತಿರುಗಿದೆ. ಬೀಸುಕಲ್ಲಿನ ಕಾಲುಭಾಗದಷ್ಟು ತಿರುಗಿ, ಸೊಂಟದಲ್ಲಿ ಏನೋ ಕಟಕ್ಕೆಂದು, ತುಂಬಿದ ಚೀಲ ಕುಸಿದಂತೆ ಹೊರಸಿನ ಕಾಲಿಗೊರಗಿ ಬಿದ್ದೆ.

ಅತ್ತೆ ಬಗ್ಗಿ ನೋಡಿದರು. ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, ನನ್ನ ತಲೆಯ ಸಿಂಬಿಯನ್ನು ಮೆಲ್ಲಗೆ ನೆಟ್ಟಗೆ ಮಾಡಿದರು.

"ಸಾಕು, ಏಳಪಾ," ಎಂದರು. "ನಿನ್ನ ನೋಡಾಕ ನನ್ನ ಹಳೇ ಕಣ್ಣ ಸಾಕಿತ್ತು."